ಜಪಾನಿನ ಹಳೆಯ ನಡುಪಟ್ಟಿ



ಹೋದ ದೀಪಾವಳಿಗೆ ನಮ್ಮ ಪಕ್ಕದ ಮನೆಯ ಹುಡುಗಿ ಊರಿಗೆ ಬಂದಿದ್ದಳು. ಬೆಂಗಳೂರಿನ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಕಂಪನಿಯವರು ಅವಳನ್ನು ಆರು ತಿಂಗಳು ಜಪಾನಿಗೆ ಕಳಿಸಿದ್ದರು. ಬರುವಾಗ ತಾಯಿಗೆಂದು ಒಂದು ಬಟ್ಟೆ ತಂದಿದ್ದಳು. ಆ ತಾಯಿ ಅದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೇ ಬಂದರು. "ಅಣ್ಣಾ, ಇದೇನು ನೋಡಿ. ಸೀರೆ ಅನ್ನೋಣವೆಂದರೆ ಅಗಲವಿಲ್ಲ, ಶಾಲು ಅನ್ನೋಣವೆಂದರೆ ಹೊದೆಯುವ ಹಾಗಿಲ್ಲ. ಯಾರೋ ಉಟ್ಟು ಬಿಟ್ಟ ಹಳೇ ಬಟ್ಟೆಯಂತೆ. ಇದಕ್ಕೆ ದುಡ್ಡು ಬೇರೆ ಕೊಟ್ಟು ಬಂದಿದಾಳೆ" ಎಂದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾವ ವಸ್ತು ಕೈಗೆ ಬಂದರೂ ಮೊದಲು ತೂಕ ನೋಡುವುದು ನನ್ನ ಅಭ್ಯಾಸ. ಬಟ್ಟೆಯನ್ನು ಮಂಚದ ಮೇಲೆ ಹಾಸಿದೆವು. ಮೊಳ ಹಾಕಿದೆ. ಉದ್ದ ಹತ್ತು ಮೊಳಕ್ಕೆ ಸ್ವಲ್ಪ ಕಡಿಮೆ. ಅಗಲ ಒಂದೂವರೆ ಗೇಣು ಮಾತ್ರ. ಒಂದು ಬದಿಗೆ ಕಪ್ಪು ರೇಷ್ಮೆಯ ನೆಲ, ಅದರ ಮೇಲೆ ಬಂಗಾರದ ಬಣ್ಣದ ಕೊಕ್ಕರೆಗಳು, ಪೈನ್ ಮರದ ಕೊಂಬೆಗಳು. ಕೈಯಲ್ಲಿ ಹಿಡಿದರೆ ನಮ್ಮ ಧರ್ಮಾವರದ ಸೀರೆಗಿಂತಲೂ ದಪ್ಪ. ಹುಡುಗಿ ಹೇಳಿದಳು: "ಮಾವಾ, ಇದಕ್ಕೆ ಓಬಿ ಅಂತಾರೆ. ನಡುವಿಗೆ ಕಟ್ಟುವ ಪಟ್ಟಿ." ಆ ಓಬಿಯ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಮುಂದಿನ ನಾಲ್ಕು ತಿಂಗಳು ಆ ಹುಡುಗಿಯಿಂದ ಕೇಳಿ, ಅವಳು ತರಿಸಿಕೊಟ್ಟ ಪುಸ್ತಕ ಓದಿ ತಿಳಿದದ್ದು ಇದು.

ಜಪಾನೀಯರ ಉಡುಪು ಕಿಮೊನೊ. ಅದಕ್ಕೆ ಗುಂಡಿಯಿಲ್ಲ, ಲಾಡಿಯಿಲ್ಲ. ಎರಡು ಮಗ್ಗುಲುಗಳನ್ನು ಒಂದರ ಮೇಲೊಂದು ಎಳೆದುಕೊಂಡು ನಡುವಿಗೆ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟುವ ಪಟ್ಟಿಯೇ ಓಬಿ. ಮೊದಮೊದಲು ಅದು ಮೂರು ನಾಲ್ಕು ಬೆರಳು ಅಗಲದ ಸಾಧಾರಣ ಪಟ್ಟಿಯಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಅದು ಬೆಳೆಯತೊಡಗಿತು. ಬೆಳೆಸಿದವರಲ್ಲಿ ನಾಟಕದವರ ಪಾಲು ದೊಡ್ಡದು. ಅಲ್ಲಿ ಕಬುಕಿ ಎಂಬ ಆಟವಿದೆ. ನಮ್ಮ ಬಯಲಾಟದಂತೆ, ತೆಲುಗಿನ ವೀಧಿನಾಟಕದಂತೆ ಅದರಲ್ಲೂ ಗಂಡಸರೇ ಹೆಣ್ಣುವೇಷ ಹಾಕುತ್ತಾರೆ. ವೇಷದವರು ದೂರಕ್ಕೆ ಕಾಣಲೆಂದು ಅಗಲವಾದ, ಉದ್ದವಾದ ಓಬಿ ಕಟ್ಟಿದರು. ಅದನ್ನು ನೋಡಿದ ಊರಿನ ಹೆಂಗಸರು ತಮಗೂ ಹಾಗೇ ಬೇಕೆಂದರು. ಗಂಟು ದೊಡ್ಡದಾಗುತ್ತಾ ಹೋಗಿ ಕೊನೆಗೆ ಬೆನ್ನ ಹಿಂದೆ ನಿಂತಿತು.

ಇಂದು ಹೆಚ್ಚಾಗಿ ಕಟ್ಟುವ ಗಂಟಿಗೆ ತೈಕೊ ಎಂದು ಹೆಸರು. ತೈಕೊ ಎಂದರೆ ನಗಾರಿ. ಇಂದಿನ ಟೋಕಿಯೊ ನಗರಕ್ಕೆ ಹಿಂದೆ ಎದೊ ಎಂದು ಹೆಸರಿತ್ತು. ಅಲ್ಲಿನ ಕಮೆಇದೊ ದೇವಸ್ಥಾನದ ಮುಂದೆ ನಗಾರಿಯ ಬೆನ್ನಿನಂತೆ ಬಾಗಿದ ಒಂದು ಕಮಾನು ಸೇತುವೆ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಸೇತುವೆಯನ್ನು ಹೊಸದಾಗಿ ಕಟ್ಟಿದಾಗ ಅದರ ನೆನಪಿಗೆ ನಾಟ್ಯದ ಹೆಂಗಸರು ಈ ಗಂಟು ಕಟ್ಟಿ ನಡೆದರಂತೆ. ನೋಡಿ, ಸೇತುವೆ ಕಟ್ಟಿದ್ದೂ ಹೆಣ್ಣುಮಕ್ಕಳ ಬೆನ್ನ ಮೇಲೆ ದಾಖಲಾಯಿತು.

ಒಳ್ಳೆಯ ಓಬಿಗಳು ನೇಯ್ದು ಬರುವ ಜಾಗ ಕ್ಯೋಟೊ ನಗರದ ನಿಶಿಜಿನ್. ಜಪಾನಿ ಭಾಷೆಯಲ್ಲಿ ನಿಶಿ ಎಂದರೆ ಪಡುವಣ, ಜಿನ್ ಎಂದರೆ ದಂಡು ಇಳಿದ ಜಾಗ. 1467ರಿಂದ 1477ರ ವರೆಗೆ ಕ್ಯೋಟೊದಲ್ಲಿ ಓನಿನ್ ಯುದ್ಧ ನಡೆಯಿತು. ನೇಕಾರರು ಊರು ಬಿಟ್ಟು ಚದುರಿಹೋದರು. ಯುದ್ಧ ಮುಗಿದ ಮೇಲೆ ಹಿಂದಿರುಗಿ, ಪಡುವಣ ದಂಡು ಇಳಿದಿದ್ದ ಜಾಗದಲ್ಲಿ ಮಗ್ಗ ಹೂಡಿದರು. ಅಂದಿನಿಂದ ಆ ಕೇರಿಗೆ ದಂಡಿನ ಹೆಸರೇ ನಿಂತಿತು. ದಂಡು ಹೋಯಿತು, ಮಗ್ಗ ಉಳಿಯಿತು. ಮಗ್ಗ ಎನ್ನಿ, ಮಗ್ಗಂ ಎನ್ನಿ, ಗಡಿಯ ಎರಡೂ ಕಡೆ ಅದು ಒಂದೇ. ನೇಕಾರನ ಪಾಡೂ ಎಲ್ಲ ಕಡೆ ಒಂದೇ ಎಂದು ನನಗೆ ಆ ಪುಸ್ತಕ ಓದುವಾಗ ಅನ್ನಿಸಿತು.

ಮತ್ತೆ ಸುಮಾರು ನಾಲ್ಕು ನೂರು ವರ್ಷಕ್ಕೆ ಇನ್ನೊಂದು ಪೆಟ್ಟು ಬಿತ್ತು. ಜಪಾನಿನ ಚಕ್ರವರ್ತಿ ಕ್ಯೋಟೊ ಬಿಟ್ಟು ಟೋಕಿಯೊಗೆ ಹೋದ. ಅರಮನೆಯ ಗಿರಾಕಿಗಳು ಅವನ ಹಿಂದೆ ಹೋದರು. ಆಗ ಕ್ಯೋಟೊದ ಆಡಳಿತದವರು ಕೈಕಟ್ಟಿ ಕೂರಲಿಲ್ಲ. 1872ರಲ್ಲಿ ಮೂರು ಮಂದಿಯನ್ನು ಫ್ರಾನ್ಸ್ ದೇಶದ ಲಿಯೋನ್ ನಗರಕ್ಕೆ ಕಳಿಸಿದರು. ಅಲ್ಲಿಯ ಜಕಾರ್ಡ್ ಮಗ್ಗವನ್ನು ಕಲಿತು ಬನ್ನಿ ಎಂದರು. ಇಬ್ಬರು ಮರುವರ್ಷ ಯಂತ್ರದೊಂದಿಗೆ ಹಿಂದಿರುಗಿದರು. ಮೂರನೆಯವನ ಹೆಸರು ಯೊಶಿದಾ ಚುಶಿಚಿ. ಇನ್ನೂ ಕಲಿಯಬೇಕೆಂದು ಅವನು ಅಲ್ಲೇ ಉಳಿದ. 1874ರಲ್ಲಿ ಊರಿಗೆ ಬರುತ್ತಿದ್ದಾಗ ಜಪಾನಿನ ಕರಾವಳಿಯ ಹತ್ತಿರಕ್ಕೆ ಬಂದ ಹಡಗು ಮುಳುಗಿ ಅವನು ತೀರಿಕೊಂಡ. ಧರ್ಮಾವರದ ಮಗ್ಗಗಳ ನೆತ್ತಿಯ ಮೇಲೆ ಕೂತಿರುವ ಜಕಾರ್ಡ್ ಪೆಟ್ಟಿಗೆಯನ್ನು, ತೂತು ಹೊಡೆದ ಅಟ್ಟೆಗಳ ಸರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದನ್ನೇ ಕಲಿಯಲು ಅವನು ಹೋದದ್ದು.

ಇನ್ನು ಓಬಿಯ ಬಂಗಾರದ ವಿಷಯ. ಇಲ್ಲೇ ನನ್ನ ಲೆಕ್ಕ ತಪ್ಪಿದ್ದು. ಕೊಕ್ಕರೆಗಳ ಹೊಳಪು ನೋಡಿ ನಾನು ಅದನ್ನು ನಮ್ಮ ಜರಿಯೆಂದೇ ತಿಳಿದೆ. ನಮ್ಮ ಅಸಲು ಜರಿಯಲ್ಲಿ ರೇಷ್ಮೆ ಎಳೆಯ ಮೇಲೆ ಬೆಳ್ಳಿಯ ಸಣ್ಣ ತಂತಿ ಸುತ್ತಿರುತ್ತಾರೆ, ಅದರ ಮೇಲೆ ಚಿನ್ನದ ಮುಲಾಮು. ಓಬಿಯ ಜರಿ ಹಾಗಲ್ಲ. ಗಟ್ಟಿಯಾದ ಜಪಾನಿ ಕಾಗದಕ್ಕೆ ಅರಗಿನಂಥ ಮರದ ಅಂಟು ಸವರಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಆಮೇಲೆ ಆ ಕಾಗದವನ್ನು ನೂಲಿನಷ್ಟು ಸಣ್ಣಗೆ ಸೀಳುತ್ತಾರೆ. ಕೆಲವು ಸಲ ಆ ಸೀಳನ್ನು ರೇಷ್ಮೆ ಎಳೆಗೆ ಸುತ್ತುತ್ತಾರೆ. ಕೆಲವು ಸಲ ಚಪ್ಪಟೆಯಾಗಿಯೇ ಹೊಕ್ಕಿಗೆ ಹಾಕುತ್ತಾರೆ. ಚಪ್ಪಟೆ ಸೀಳನ್ನು ಲಾಳಿಯಲ್ಲಿ ಹಾರಿಸಲು ಬರುವುದಿಲ್ಲ. ಕೊಕ್ಕೆಯಿರುವ ಬಿದಿರು ಪಟ್ಟಿಯಿಂದ ಒಂದೊಂದೇ ಸೀಳನ್ನು, ಮಗುಚದ ಹಾಗೆ, ಹಾಸಿನ ನಡುವೆ ಎಳೆದು ಕೂರಿಸಬೇಕು. ಇನ್ನೊಂದು ಬಗೆಯ ನೇಯ್ಗೆಗೆ ತ್ಸುಝುರೆ ಎಂದು ಹೆಸರು. ಅದರಲ್ಲಿ ನೇಕಾರರು ತಮ್ಮ ಬೆರಳಿನ ಉಗುರುಗಳನ್ನೇ ಗರಗಸದ ಹಲ್ಲಿನಂತೆ ಅರದಿಂದ ತೀಡಿಕೊಂಡು, ಆ ಉಗುರಿನಿಂದ ಬಣ್ಣದ ಎಳೆಗಳನ್ನು ಬಾಚಿ ಕೂರಿಸುತ್ತಾರೆ.

ಈಗ ಒಂದು ಮಾತು ಕೇಳಿ. ಕಾಗದದ ಮೇಲಿನ ರೇಕಿನಲ್ಲಿ ಚಿನ್ನ ಎಷ್ಟಿರುತ್ತದೆ? ಹಿತ್ತಾಳೆ ತಕ್ಕಡಿಯಲ್ಲಿ ತೂಗುವಷ್ಟೂ ಇರುವುದಿಲ್ಲ. ಸುಟ್ಟರೆ ಕೈಗೆ ಸಿಗುವುದು ಬೂದಿಯೇ ಹೆಚ್ಚು. ಹಳೆಯ ಓಬಿಗಳು ಇಂದಿಗೂ ಅಷ್ಟೊಂದು ಉಳಿದಿರಲು ಇದೂ ಒಂದು ಕಾರಣವಿರಬೇಕು ಎಂದು ನನ್ನ ಊಹೆ. ನಮ್ಮ ಸೀರೆಗಳ ಗತಿ ಹಾಗಾಗಲಿಲ್ಲ.

ಇದನ್ನು ಹೇಳಲು ನನಗೆ ಅಧಿಕಾರವಿದೆ. 1985ರ ಸುಮಾರಿನ ಮಾತು. ನಾನು ಮಡಕಶಿರಾ ಕಡೆಯ ನಮ್ಮ ಊರಿನಿಂದಲೇ ಬಸ್ಸಿನಲ್ಲಿ ಬ್ಯಾಂಕಿಗೆ ಹೋಗಿ ಬರುತ್ತಿದ್ದೆ. ಒಂದು ಭಾನುವಾರ ಬೀದಿಯಲ್ಲಿ "ಹಳೇ ಜರಿ ಸೀರೆ ಕೊಳ್ತೀವಿ, ಪಾತ ಜರೀ ಚೀರಲು ಕೊಂಟಾಂ" ಎಂದು ಎರಡೂ ಭಾಷೆಯಲ್ಲಿ ಕೂಗುತ್ತಾ ಒಬ್ಬ ಬಂದ. ನಮ್ಮ ಅಮ್ಮನ ಟ್ರಂಕಿನಲ್ಲಿ ಅವರ ಧಾರೆ ಸೀರೆ ಇತ್ತು. ಮಡಿಕೆಯಲ್ಲಿ ಸೀಳಿತ್ತು. ಅಮ್ಮ ಅದನ್ನು ಉಡುತ್ತಿರಲಿಲ್ಲ, ವರ್ಷಕ್ಕೊಮ್ಮೆ ತೆಗೆದು ಬಿಸಿಲ ಮರೆಯಲ್ಲಿ ಹರವಿ ಮತ್ತೆ ಇಡುತ್ತಿದ್ದರು. ಕೊಡಲು ಅವರಿಗೆ ಮನಸ್ಸಿರಲಿಲ್ಲ. ಮನೆಯಲ್ಲಿ ಕಷ್ಟವೂ ಇರಲಿಲ್ಲ, ನನಗೆ ಸಂಬಳ ಬರುತ್ತಿತ್ತು. ಆದರೂ ನಾನೇ ಮುಂದಾದೆ. ಅಂಚು, ಸೆರಗು ಎಷ್ಟು ತೂಗೀತು, ಅದರಲ್ಲಿ ಬೆಳ್ಳಿ ಎಷ್ಟು, ಅಂದಿನ ದರ ಎಷ್ಟು ಎಂದು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. "ಇಟ್ಟುಕೊಂಡು ಏನು ಮಾಡ್ತೀಯಮ್ಮಾ, ಇನ್ನೂ ಹರೀತದೆ" ಎಂದೆ. ಓದಿದ ಮಗ ಹೇಳಿದ ಮೇಲೆ ಅಮ್ಮ ಸುಮ್ಮನಾದರು. ಅವನು ನಮ್ಮ ಅಂಗಳದಲ್ಲೇ ಅಂಚು ಹರಿದುಕೊಂಡ. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಮೈಭಾಗದಲ್ಲಿ ತಂಗಿಗೆ ಒಂದು ಲಂಗವಾಯಿತು. ಬಂದ ಹಣ ಎಷ್ಟೆಂದು ನನಗೆ ನೆನಪಿಲ್ಲ. ಸೀರೆಯ ಅಂಚಿನಲ್ಲಿ ಹಂಸ ಇತ್ತೋ ನವಿಲಿತ್ತೋ ಎಂಬುದೂ ನೆನಪಿಲ್ಲ. ಕೇಳೋಣವೆಂದರೆ ಅಮ್ಮ ಇಲ್ಲ.

ಜಪಾನಿನಲ್ಲೂ ಹೀಗೆ ಮಾರಿದ ಕಾಲವಿತ್ತು. ಆದರೆ ಅವರು ಹಸಿವಿಗೆ ಮಾರಿದರು. 1940ರ ಜುಲೈ 7ರಂದು ಅಲ್ಲಿಯ ಸರ್ಕಾರ ಬೆಲೆಬಾಳುವ ಭೋಗವಸ್ತುಗಳನ್ನು ತಯಾರಿಸುವುದಕ್ಕೆ, ಮಾರುವುದಕ್ಕೆ ಕಟ್ಟು ಹಾಕಿತು. ಜರಿ ಓಬಿಯ ಕಾಲ ಅಲ್ಲಿಗೆ ನಿಂತಿತು. ಯುದ್ಧ ಸೋತು 1945 ಬಂದಾಗ ಪೇಟೆಯಲ್ಲಿ ಅಕ್ಕಿಯಿಲ್ಲ. ಪಟ್ಟಣದ ಹೆಂಗಸರು ಕಿಮೊನೊ, ಓಬಿಗಳನ್ನು ಗಂಟುಕಟ್ಟಿಕೊಂಡು ರೈಲು ಹತ್ತಿ ಹಳ್ಳಿಗಳಿಗೆ ಹೋದರು. ರೈತರ ಮನೆಯಲ್ಲಿ ಬಟ್ಟೆ ಕೊಟ್ಟು ಅಕ್ಕಿ, ಗೆಣಸು ತಂದರು. ಇದಕ್ಕೆ ಅವರು ತಕೆನೊಕೊ ಬದುಕು ಎಂದು ಹೆಸರಿಟ್ಟರು. ತಕೆನೊಕೊ ಎಂದರೆ ಬಿದಿರ ಕಳಲೆ. ಕಳಲೆಯ ಸಿಪ್ಪೆಯನ್ನು ಒಂದೊಂದೇ ಸುಲಿದು ತಿನ್ನುವ ಹಾಗೆ ಮೈಮೇಲಿನ ಬಟ್ಟೆಯನ್ನು ಒಂದೊಂದಾಗಿ ಕಳಚಿ ತಿಂದ ಕಾಲ ಅದು.

ಆಮೇಲೆ ದೇಶಕ್ಕೆ ಹಣ ಬಂತು, ಜೊತೆಗೆ ಪ್ಯಾಂಟು, ಗೌನು ಬಂದವು. ಇಂದು ಕಿಮೊನೊ ಉಡುವುದು ಹೆಚ್ಚಾಗಿ ಮದುವೆ, ಹಬ್ಬ, ಚಹಾ ಸಮಾರಂಭಕ್ಕೆ. ಅಜ್ಜಿ ತೀರಿದ ಮೇಲೆ ಮೊಮ್ಮಕ್ಕಳು ಪೆಟ್ಟಿಗೆ ಬಿಚ್ಚಿದರೆ ಓಬಿಗಳ ರಾಶಿ. ಕಟ್ಟಲು ಬರುವುದಿಲ್ಲ, ಇಡಲು ಜಾಗವಿಲ್ಲ. ಹೀಗೆ ಅವು ಸಂತೆಗೆ ಬರುತ್ತವೆ. ಕ್ಯೋಟೊದಲ್ಲಿ ಪ್ರತಿ ತಿಂಗಳು 21ರಂದು ತೋಜಿ ದೇವಾಲಯದಲ್ಲಿ, 25ರಂದು ಕಿತಾನೊ ದೇವಾಲಯದಲ್ಲಿ ಹಳೆಯ ವಸ್ತುಗಳ ಸಂತೆ ಸೇರುತ್ತದೆ. ನಮ್ಮ ಹುಡುಗಿ ಕೊಂಡದ್ದು ತೋಜಿಯ ಸಂತೆಯಲ್ಲಿ. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕಿತಂತೆ. ಆ ನೇಯ್ಗೆಯನ್ನು ಇವತ್ತು ಕೈಯಿಂದ ಮಾಡಿಸಿದರೆ ಕೂಲಿಗೇ ಅದರ ಎಷ್ಟೋ ಪಾಲು ಬೇಕು.

ಗೂಡು ಬೆಳೆಯುವ ಕೇಳುಗರಿಗೆ ಇನ್ನೊಂದು ಮಾತು. ರೇಷ್ಮೆಗೂಡು ಎನ್ನಿ, ಪಟ್ಟುಗೂಳ್ಳು ಎನ್ನಿ, 1929ರ ಹೊತ್ತಿಗೆ ಜಪಾನಿನಲ್ಲಿ ಹುಳು ಸಾಕುವ ಮನೆಗಳು ಸುಮಾರು 22 ಲಕ್ಷ ಇದ್ದವು. ಈಚಿನ ವರ್ಷಗಳಲ್ಲಿ ಅವು ಇನ್ನೂರಕ್ಕೂ ಕಡಿಮೆ. ಅವರ ವಿದ್ಯೆ ಮಾತ್ರ ನಮ್ಮ ಕಡೆ ಬಂದು ಉಳಿಯಿತು. 1896ರಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಮುಂದೆ 1991ರಿಂದ 2007ರ ವರೆಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ನೆರವಿನಿಂದ ದ್ವಿತಳಿ ರೇಷ್ಮೆಯ ಕೆಲಸ ನಡೆಯಿತು. ಹಿಂದೂಪುರದ ಮಾರುಕಟ್ಟೆಗೆ ನೀವು ಹೊತ್ತೊಯ್ಯುವ ಬಿಳಿ ಗೂಡಿನ ಹಿಂದೆ ಆ ಕೆಲಸವಿದೆ.

ಇನ್ನು ನಿಮ್ಮ ಮಕ್ಕಳೂ ನಾಳೆ ಜಪಾನಿಗೆ ಹೋದಾರು, ಅಂಥದ್ದೊಂದನ್ನು ತಂದಾರು. ಆದ್ದರಿಂದ ಹಳೆಯ ಓಬಿಯನ್ನು ಹೇಗೆ ನೋಡಬೇಕು ಎಂದು ಸ್ವಲ್ಪ ಹೇಳುತ್ತೇನೆ.

ಮೊದಲನೆಯದು ಬಗೆ. ಎರಡೂ ಮುಖಕ್ಕೂ ಚಿತ್ತಾರವಿದ್ದು, ಅಗಲ ಬಟ್ಟೆಯನ್ನು ಉದ್ದಕ್ಕೆ ಮಡಿಸಿ ಹೊಲಿದಿದ್ದರೆ ಅದು ಮಾರು ಓಬಿ. ಎಲ್ಲಕ್ಕಿಂತ ಭಾರ, ಎಲ್ಲಕ್ಕಿಂತ ಬೆಡಗು. 1940ಕ್ಕೆ ಮುಂಚಿನ ಮದುಮಗಳ ಓಬಿ ಎಂದರೆ ಇದೇ. ಒಂದು ಮುಖ ಚಿತ್ತಾರ, ಹಿಂಬದಿ ಸಾದಾ ಇದ್ದರೆ ಅದು ಫುಕುರೊ. ಭಾರ ಮತ್ತು ಖರ್ಚು ಎರಡನ್ನೂ ಇಳಿಸಲು ಬಂದದ್ದು. ಬಹುಪಾಲು ಉದ್ದಕ್ಕೆ ಅರ್ಧ ಮಡಿಸಿ ಹೊಲಿದು ಒಂದು ತುದಿ ಮಾತ್ರ ಅಗಲವಾಗಿದ್ದರೆ ಅದು ನಗೋಯಾ. 1920ರ ಸುಮಾರಿನಲ್ಲಿ ನಗೋಯಾ ನಗರದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಕೊಶಿಹಾರಾ ಹರುಕೊ ಎಂಬಾಕೆ ಬೇಗ ಕಟ್ಟಿಕೊಳ್ಳಲು ಬರುವಂತೆ ಇದನ್ನು ರೂಪಿಸಿದರು ಎನ್ನುತ್ತಾರೆ. ಇನ್ನೊಂದು ಬಗೆಗೆ ಚೂಯಾ, ಅಂದರೆ ಹಗಲು-ಇರುಳು ಎಂದು ಹೆಸರು. ಒಂದು ಮುಖ ಬಣ್ಣ, ಇನ್ನೊಂದು ಮುಖ ಕಪ್ಪು.

ಎರಡನೆಯದು ಚಿತ್ತಾರ ಎಲ್ಲಿಯವರೆಗೆ ಇದೆ ಎಂಬುದು. ನಮ್ಮ ಸೀರೆಯಲ್ಲಿ ನಡುವಿಗೆ ಸಿಕ್ಕಿಸುವ ಒಳತುದಿಗೆ ಚಿತ್ತಾರ ಇರುವುದಿಲ್ಲವಲ್ಲ, ಹಾಗೆಯೇ ಓಬಿಯಲ್ಲೂ ಮರೆಯಾಗುವ ಭಾಗವನ್ನು ಹಲವು ಸಲ ಸಾದಾ ಬಿಡುತ್ತಾರೆ. ಅದು ಮೋಸವಲ್ಲ, ಮಿತವ್ಯಯ. ಗೋಡೆಗೆ ಉದ್ದಕ್ಕೆ ತೂಗುಹಾಕುವುದಾದರೆ ಮಾತ್ರ ಪೂರ್ತಿ ಚಿತ್ತಾರವಿರುವುದನ್ನು ನೋಡಿ ಕೊಳ್ಳಬೇಕು.

ಮೂರನೆಯದು ನೂಲು. 1920ರ ನಂತರದ ಓಬಿಗಳಲ್ಲಿ ರೇಯಾನ್ ನೂಲೂ ಸೇರಿಕೊಂಡಿದೆ. ಒಳಹೊಲಿಗೆಯಲ್ಲಿ ಬಿಚ್ಚಿಕೊಂಡ ಒಂದು ಎಳೆ ಸಿಕ್ಕರೆ ಸುಟ್ಟು ನೋಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ರೇಯಾನ್ ಕಾಗದ ಸುಟ್ಟ ವಾಸನೆ. ಬಟ್ಟೆಗೇ ಬೆಂಕಿ ತೋರಿಸಬೇಡಿ ಮತ್ತೆ! ಜರಿಯನ್ನು ಭೂತಗನ್ನಡಿಯಲ್ಲಿ ನೋಡಿ. ಹಳೆಯದಾದರೆ ಚಪ್ಪಟೆ ಸೀಳಿನ ಅಂಚಿನಲ್ಲಿ ಕಾಗದದ ನಾರು ಕಾಣುತ್ತದೆ. ಹೊಸದರಲ್ಲಿ ಪ್ಲಾಸ್ಟಿಕ್ಕಿನ ನುಣುಪು ಇರುತ್ತದೆ. ಗಂಟು ಬೀಳುವ ಕಡೆ ಸವೆತ, ಮಡಿಕೆಯಲ್ಲಿ ಸೀಳು, ಬೆವರಿನ ಕಲೆ, ಇವನ್ನೂ ನೋಡಬೇಕು. ಇವು ಬೆಲೆ ಇಳಿಸುತ್ತವೆ. ಆದರೆ ಯಾರೋ ಕಟ್ಟಿದ್ದರು ಎನ್ನುವುದಕ್ಕೆ ಇವೇ ಸಾಕ್ಷಿ.

ಮನೆಯಲ್ಲಿ ಅಲಂಕಾರಕ್ಕೆ ಇಡುವವರು ನಾಲ್ಕು ಎಚ್ಚರ ವಹಿಸಬೇಕು. ಬಿಸಿಲು ನೇರ ಬೀಳಬಾರದು. ಮೊಳೆ ಹೊಡೆಯಬಾರದು. ಹಿಂಬದಿಗೆ ಹತ್ತಿ ಬಟ್ಟೆಯ ನೇಫಾ ಹೊಲಿದು ಅದರೊಳಗೆ ಕೋಲು ತೂರಿಸಿ ತೂಗಬೇಕು. ಮೇಜಿನ ಮೇಲೆ ಹಾಸಿದರೆ ಅದರ ಮೇಲೆ ಕಾಫಿ ಲೋಟವಾಗಲಿ ದೀಪವಾಗಲಿ ಇಡಬಾರದು. ಕೆಲವು ತಿಂಗಳು ತೂಗಿದ ಮೇಲೆ ಇಳಿಸಿ ವಿಶ್ರಾಂತಿ ಕೊಡಬೇಕು. ಎತ್ತಿಡುವಾಗ ಮಡಿಸುವುದಕ್ಕಿಂತ ದಪ್ಪ ಕೊಳವೆಗೆ ಬಿಳಿ ಬಟ್ಟೆಯೊಂದಿಗೆ ಸುತ್ತುವುದು ಮೇಲು, ಮಡಿಸಿದಲ್ಲಿ ಚಿನ್ನದ ರೇಕು ಉದುರುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಜಪಾನೀಯರು ಓಬಿಯನ್ನು ಕಾಗದದಲ್ಲಿ ಸುತ್ತಿ ಹಗುರ ಮರದ ಪೆಟ್ಟಿಗೆಯಲ್ಲಿಟ್ಟು, ಮಳೆ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಹರವುತ್ತಾರೆ. ಅದಕ್ಕೆ ಮುಶಿಬೋಶಿ ಎಂದು ಹೆಸರೇ ಇದೆ. ನಮ್ಮ ಅಮ್ಮ ಮಾಡುತ್ತಿದ್ದದ್ದೂ ಅದೇ. ಅದಕ್ಕೆ ಹೆಸರಿಲ್ಲದ್ದರಿಂದ ನಾನು ಅದನ್ನು ಹಳೇ ಕಾಲದ ಹುಚ್ಚು ಎಂದುಕೊಂಡಿದ್ದೆ.

ಕೆಲವರು ಓಬಿಯನ್ನು ಕತ್ತರಿಸಿ ಕೈಚೀಲ, ದಿಂಬಿನ ಚೀಲ ಹೊಲಿಸುತ್ತಾರೆ. ಹರಿದು ಹಾಳಾದದ್ದನ್ನು ಹಾಗೆ ಉಳಿಸಿಕೊಂಡರೆ ಅಡ್ಡಿಯಿಲ್ಲ. ಗಟ್ಟಿಯಾಗಿರುವುದಕ್ಕೆ ಕತ್ತರಿ ಹಾಕಬೇಡಿ. ಕತ್ತರಿಸಿದ್ದನ್ನು ಮತ್ತೆ ಕೂಡಿಸುವ ಮಗ್ಗ ಯಾವ ದೇಶದಲ್ಲೂ ಇಲ್ಲ.

ಮುಗಿಸುವ ಮೊದಲು ನಿಶಿಜಿನ್‌ನ ಒಬ್ಬ ಹಿರಿಯರ ಸುದ್ದಿ. ಯಮಾಗುಚಿ ಇತಾರೊ ಎಂಬುವರು 1901ರಲ್ಲಿ ಹುಟ್ಟಿದವರು. ಜೀವನವೆಲ್ಲ ಓಬಿಯ ಕಸುಬು. ಎಪ್ಪತ್ತನೆಯ ವಯಸ್ಸಿನಲ್ಲಿ, ನಾವೆಲ್ಲ ಜಗಲಿ ಹಿಡಿಯುವ ಕಾಲಕ್ಕೆ, ಅವರು ಹೊಸ ಕೆಲಸ ಹಿಡಿದರು. ಜಪಾನಿನ ಪ್ರಾಚೀನ ಗೆಂಜಿ ಕಥೆಯ ಚಿತ್ರಸುರುಳಿಗಳನ್ನು ರೇಷ್ಮೆಯಲ್ಲಿ ನೇಯಿಸುವ ಕೆಲಸ ಅದು. ಮೂರು ಸುರುಳಿ ಮುಗಿಸಿದರು. ನಾಲ್ಕನೆಯದು ಮಗ್ಗದ ಮೇಲಿದ್ದಾಗ 2007ರಲ್ಲಿ ನೂರೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಅದೂ ಮುಗಿಯಿತು. ಅವರು ತಮ್ಮ ಸುರುಳಿಗಳನ್ನು ಪ್ಯಾರಿಸ್ಸಿನ ಗಿಮೆ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಏಕೆ ಗೊತ್ತೇ? ಫ್ರಾನ್ಸ್ ದೇಶದ ಜಕಾರ್ಡ್ ಮಗ್ಗ ತಮ್ಮ ಕೇರಿಯನ್ನು ಬದುಕಿಸಿತು, ಅದರ ಋಣಕ್ಕೆ ಎಂದು. ಮೂವತ್ತೆಂಟು ವರ್ಷ ಸಾಲದ ಪುಸ್ತಕ ಬರೆದವನು ನಾನು. ಇಷ್ಟು ತಡವಾಗಿ ತೀರಿಸಿದ, ಇಷ್ಟು ಚೆನ್ನಾಗಿ ತೀರಿಸಿದ ಸಾಲವನ್ನು ಕಂಡದ್ದಿಲ್ಲ.

ಪಕ್ಕದ ಮನೆಯ ಓಬಿ ಈಗ ಅವರ ನಡುಮನೆಯ ಗೋಡೆಯ ಮೇಲಿದೆ. ನೇಫಾ ಹೊಲಿದವಳು ನನ್ನ ತಂಗಿ, ಅಮ್ಮನ ಸೀರೆಯ ಲಂಗ ಉಟ್ಟವಳು. ಹಿಂಬದಿಗೆ ಒಂದು ಚೀಟಿ ಹೊಲಿಸಿದ್ದೇನೆ. ಯಾವ ಊರಿನದು, ಯಾವ ಸಂತೆಯಲ್ಲಿ ಕೊಂಡದ್ದು, ಯಾರು ಯಾರಿಗೆ ತಂದದ್ದು, ಯಾವ ವರ್ಷ, ಇಷ್ಟೇ.

ಕೇಳುಗ ಬಂಧುಗಳೇ, ನನ್ನದೊಂದು ಕೋರಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯದೋ ತಾಯಿಯದೋ ಹಳೆಯ ಸೀರೆ ಇದ್ದರೆ ಈ ವಾರ ಹೊರಗೆ ತೆಗೆಯಿರಿ. ನೆರಳಿನಲ್ಲಿ ಹರವಿ. ಅಂಚಿನಲ್ಲಿ ಏನಿದೆ ನೋಡಿ. ಹಿರಿಯರು ಇರುವಾಗಲೇ ಕೇಳಿ, ಚೀಟಿ ಬರೆದು ಒಂದು ಮೂಲೆಗೆ ಹೊಲಿಯಿರಿ. ಕನ್ನಡದಲ್ಲಾದರೂ ಬರೆಯಿರಿ, ತೆಲುಗಿನಲ್ಲಾದರೂ ಬರೆಯಿರಿ. ಆಮೇಲೆ ಮಾರುವುದು ಬಿಡುವುದು ನಿಮಗೆ ಬಿಟ್ಟದ್ದು. ಬೀದಿಯಲ್ಲಿ ಕೂಗುತ್ತಾ ಬರುವವನ ತಕ್ಕಡಿ ಬೆಳ್ಳಿಯನ್ನಷ್ಟೇ ತೂಗುತ್ತದೆ. ಉಳಿದದ್ದನ್ನು ನೀವೇ ತೂಗಬೇಕು.